ಕವಚದ ಮೇಲೆ ಕಾಪು: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳಲ್ಲಿ ಮಾಂತ್ರಿಕ ರಕ್ಷಣೆಯ ಕೂಡುಲೆಕ್ಕ

ಮಂತ್ರಿಸಿದ ಕವಚ ತೊಟ್ಟ ಯೋಧ ಮಂತ್ರಿಸಿದ ಗುರಾಣಿಯನ್ನೂ ಹಿಡಿದು, ಬೆರಳಿಗೊಂದು ಕಾಪಿನ ಉಂಗುರವನ್ನೂ ಹಾಕಿಕೊಂಡರೆ ಮೂರರ ಬಲವೂ ಸೇರುತ್ತದೆಯೇ, ಅಥವಾ ಒಂದರದ್ದು ಮಾತ್ರ ನಡೆಯುತ್ತದೆಯೇ? ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರು ಇದನ್ನು 'ಸ್ಟ್ಯಾಕ್ ಆಗುತ್ತಾ?' ಎಂದು ಎರಡೇ ಪದಗಳಲ್ಲಿ ಕೇಳಿಬಿಡುತ್ತಾರೆ. ಉತ್ತರ ಅಷ್ಟು ಚುಟುಕಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಮೂರು ಪುಸ್ತಿಕೆಗಳಾಗಿ ಹೊರಬಂತು. ಆ ಮೂರರಲ್ಲೇ ಒಂದರಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ. ಅಲ್ಲಿಂದೀಚೆಗೆ ಪ್ರತಿ ಆವೃತ್ತಿಯೂ ಬೇರೆ ಉತ್ತರ ಕೊಟ್ಟಿದೆ.

ಆಟಗಾರರಲ್ಲಿ ಚಾಲ್ತಿಯಲ್ಲಿರುವ ಅಭಿಪ್ರಾಯ ಹೀಗಿದೆ: ಮೊದಲ ಆವೃತ್ತಿಗಳ ನಿಯಮಗಳು ಗೊಂದಲದ ಗೂಡಾಗಿದ್ದವು, 2000ರ ಮೂರನೆಯ ಆವೃತ್ತಿ ಬೋನಸ್‌ಗಳಿಗೆ ಜಾತಿ ಹೆಸರು ಕೊಟ್ಟು, ಒಂದೇ ಜಾತಿಯವು ಕೂಡುವುದಿಲ್ಲ ಎಂದು ಸಾರಿ, ಅತಿರೇಕಕ್ಕೆ ಕಡಿವಾಣ ಹಾಕಿತು. ಈ ಮಾತಿನ ಮೊದಲರ್ಧವನ್ನು ಭಾಗಶಃ ಒಪ್ಪಬಹುದು. ಎರಡನೆಯ ಅರ್ಧ ನಿಲ್ಲುವುದಿಲ್ಲ ಎಂಬುದೇ ಈ ಟಿಪ್ಪಣಿಯ ವಾದ. ಜಾತಿ ಹೆಸರುಗಳು ರಾಶಿಯನ್ನು ತಡೆಯಲಿಲ್ಲ. ಅದನ್ನು ಹೇಗೆ ಪೇರಿಸಬೇಕೆಂದು ಕಲಿಸಿಕೊಟ್ಟವು. ಕಡಿವಾಣ ಎನ್ನಬಹುದಾದದ್ದು ಇದ್ದದ್ದು ಬೆಲೆಯ ಪಟ್ಟಿಯಲ್ಲಿ, ಮತ್ತು ಅದೂ ಎಳೆದದ್ದು ತಪ್ಪು ದಿಕ್ಕಿಗೆ.

ಒಂದಂಕಿಯ ತೂಕ

ಲೆಕ್ಕ ಅರ್ಥವಾಗಲು ಆಟದ ಒಂದು ಮೂಲಸೂತ್ರ ಸಾಕು. ಪ್ರತಿ ಪಾತ್ರಕ್ಕೂ ಆರ್ಮರ್ ಕ್ಲಾಸ್ ಎಂಬ ಒಂದು ಅಂಕಿ ಇರುತ್ತದೆ. ಆಟಗಾರರ ಬಾಯಲ್ಲಿ ಅದು ಎಸಿ. ಎದುರಾಳಿ ಇಪ್ಪತ್ತು ಮುಖದ ದಾಳ ಉರುಳಿಸಿ, ತನ್ನ ಯುದ್ಧಬಲವನ್ನು ಸೇರಿಸಿ, ಆ ಅಂಕಿಗೆ ತಕ್ಕ ಮೊತ್ತ ಮುಟ್ಟಿದರೆ ಏಟು ತಾಗುತ್ತದೆ. ದಾಳಕ್ಕೆ ಇಪ್ಪತ್ತೇ ಮುಖ ಇರುವುದರಿಂದ ಕವಚಕ್ಕೆ ಸೇರುವ ಒಂದೊಂದು ಅಂಕಿಯೂ ಏಟು ತಾಗುವ ಸಾಧ್ಯತೆಯನ್ನು ಶೇ. 5ರಷ್ಟು ಇಳಿಸುತ್ತದೆ.

ಈ 'ಶೇ. 5' ಎಂಬುದು ಸಮನಾಗಿ ಕಂಡರೂ ಸಮನಲ್ಲ. ಹತ್ತಕ್ಕೆ ಐದು ಏಟು ತಿನ್ನುತ್ತಿದ್ದವನಿಗೆ, ಅಂದರೆ ಸಾಧ್ಯತೆ ಶೇ. 50 ಇದ್ದವನಿಗೆ, ಒಂದಂಕಿ ಸೇರಿದರೆ ಅದು 45ಕ್ಕೆ ಇಳಿಯುತ್ತದೆ. ಅವನು ತಿನ್ನುವ ಪೆಟ್ಟಿನಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಉಳಿತಾಯ. ಅದೇ ಒಂದಂಕಿ ಶೇ. 10ರಲ್ಲಿದ್ದವನನ್ನು ಶೇ. 5ಕ್ಕೆ ತಂದರೆ ಪೆಟ್ಟು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕವಚ ಎಷ್ಟು ಗಟ್ಟಿಯೋ ಮುಂದಿನ ಅಂಕಿಯ ಬೆಲೆ ಅಷ್ಟು ಹೆಚ್ಚು. ಕೂಡುತ್ತ ಹೋಗುವ ಆಸೆಗೆ ಮೂಲ ಇಲ್ಲಿದೆ, ಕೂಡಲು ಬಿಡಬಾರದೆಂಬ ನಿಯಮಕಾರರ ಹೆದರಿಕೆಗೂ ಮೂಲ ಇಲ್ಲೇ ಇದೆ. ಆಟಗಾರನ ದುರಾಸೆ ಎಂದು ಸುಮ್ಮನೆ ಬೈದು ಮುಗಿಸುವ ವಿಷಯ ಇದಲ್ಲ; ದಾಳದ ಸ್ವಭಾವವೇ ಅದು.

ಗುರಾಣಿಗೆ ಮೂರನೆಯ ಒಂದು ಪಾಲು

1974ರ ಪುಸ್ತಿಕೆಗಳಲ್ಲಿ ಎರಡನೆಯದಾದ 'ಮಾನ್ಸ್ಟರ್ಸ್ ಅಂಡ್ ಟ್ರೆಷರ್'ನಲ್ಲಿ ಮಾಂತ್ರಿಕ ಕವಚಗಳ ಬಗ್ಗೆ ಇರುವುದು ಬೆರಳೆಣಿಕೆಯ ಸಾಲುಗಳು. ಅವುಗಳ ಸಾರ ಇಷ್ಟು: ಕವಚದ ಬೋನಸ್ಸನ್ನು ಎದುರಾಳಿಯ ದಾಳದಿಂದ ಕಳೆಯಬೇಕು, ಗುರಾಣಿಯ ಬೋನಸ್ ಕವಚದ್ದಕ್ಕಿಂತ ಹೆಚ್ಚಿದ್ದರೆ ಮಾತ್ರ, ಮೂರರಲ್ಲಿ ಒಂದು ಸಲ ಏಟು ಗುರಾಣಿಯ ಮೇಲೆ ಬೀಳುತ್ತದೆ, ಆಗ ಆ ಹೆಚ್ಚಿನ ಕಳೆಯುವಿಕೆ ಸಿಗುತ್ತದೆ. ಅಂದರೆ +1 ಕವಚವೂ +2 ಗುರಾಣಿಯೂ ಸೇರಿ +3 ಆಗುವುದಿಲ್ಲ. ಮೂರು ಏಟುಗಳಲ್ಲಿ ಎರಡಕ್ಕೆ 1, ಒಂದಕ್ಕೆ 2. ಗುರಾಣಿಯ ಮಂತ್ರ ಕವಚದ್ದಕ್ಕೆ ಸಮನಾಗಿದ್ದರೆ ಅದರಿಂದ ಬರುವುದು ಸೊನ್ನೆ.

ಇಂದಿನ ಓದುಗನಿಗೆ ಇದು ವಿಚಿತ್ರವಾಗಿ, ಅನಗತ್ಯ ತೊಡಕಾಗಿ ಕಾಣುತ್ತದೆ. ಆದರೆ ಅದೇ ಆಟದ ಯುದ್ಧ ಕೋಷ್ಟಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಆಗ ಎಸಿ ಇಳಿಮುಖದ ಅಂಕಿ: ಬರಿಮೈಗೆ 9, ಲೋಹದ ತಗಡಿನ ಕವಚ ಮತ್ತು ಗುರಾಣಿ ಎರಡೂ ಇದ್ದವನಿಗೆ 2. ಮೊದಲ ಹಂತದ ಯೋಧ ಎಸಿ 9ನ್ನು ಹೊಡೆಯಲು ದಾಳದಲ್ಲಿ 10 ಬೇಕು. ಎಸಿ 2ನ್ನು ಹೊಡೆಯಲು 17. ತಗಡು ಮತ್ತು ಗುರಾಣಿ ಇರುವವನಿಗೆ ಯಾವ ಮಂತ್ರವೂ ಇಲ್ಲದೆಯೇ ಐದರಲ್ಲಿ ನಾಲ್ಕು ಏಟು ತಪ್ಪುತ್ತವೆ. ಅವನ ಕವಚ +2 ಆದರೆ ಬೇಕಾದದ್ದು 19. ಅದರ ಮೇಲೆ ಗುರಾಣಿಯ +2 ಕೂಡ ಸೇರಿದರೆ 21. ಇಪ್ಪತ್ತು ಮುಖದ ದಾಳದಲ್ಲಿ ಆ ಅಂಕಿಯೇ ಇಲ್ಲ. ಕೇವಲ ಎರಡು ಸಾಧಾರಣ ವಸ್ತುಗಳು ಸೇರಿ ಯೋಧನನ್ನು ಸಾಮಾನ್ಯ ಸೈನಿಕರಿಂದ ಅಭೇದ್ಯನನ್ನಾಗಿಸುವ ಸ್ಥಿತಿ ಅದು. 17 ಮತ್ತು 20ರ ನಡುವೆ ಉಳಿದದ್ದು ಮೂರೇ ಮೆಟ್ಟಿಲು. ಅಷ್ಟು ಇಕ್ಕಟ್ಟಿನಲ್ಲಿ ಮಾಂತ್ರಿಕ ವಸ್ತುಗಳ ಒಂದಿಡೀ ನಿಧಿಯನ್ನು ಹಂಚಬೇಕಾಗಿತ್ತು. ಮೂರನೆಯ ಒಂದು ಪಾಲಿನ ಆ ನಿಯಮ ಲೇಖಕರ ಚಪಲದಿಂದ ಬಂದದ್ದಲ್ಲ, ಜಾಗದ ಅಭಾವದಿಂದ ಬಂದದ್ದು ಎಂದು ನನ್ನ ತೀರ್ಮಾನ.

ವಸ್ತುವಿಗೊಂದು ಶಾಸನ

1977ರಿಂದ 1979ರವರೆಗೆ ಮೂರು ಗ್ರಂಥಗಳಾಗಿ ಬಂದ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ತೊಡಕನ್ನು ಕೈಬಿಟ್ಟಿತು. ಕವಚದ ಬೋನಸ್ ಮತ್ತು ಗುರಾಣಿಯ ಬೋನಸ್ ಈಗ ನೇರವಾಗಿ ಕೂಡುತ್ತಿದ್ದವು. +5 ಕವಚ, +5 ಗುರಾಣಿ ಎರಡೂ ಸಿಕ್ಕವನ ಎಸಿ 2ರಿಂದ ಮೈನಸ್ 8ಕ್ಕೆ ಇಳಿಯುತ್ತಿತ್ತು. ಬದಲಿಗೆ ನಿರ್ಬಂಧ ಬಂದದ್ದು ಮೂರನೆಯ, ನಾಲ್ಕನೆಯ ವಸ್ತುವಿನ ಮೇಲೆ. ರಿಂಗ್ ಆಫ್ ಪ್ರೊಟೆಕ್ಷನ್ ತೊಟ್ಟವನು ಮಂತ್ರಿಸಿದ ಕವಚವನ್ನೂ ತೊಟ್ಟರೆ ಉಂಗುರದಿಂದ ಎಸಿಗೆ ಏನೂ ಸಿಗದು. ಆದರೆ ವಿಷ, ಮಂತ್ರ ಮೊದಲಾದವನ್ನು ತಡೆದುಕೊಳ್ಳುವ ದಾಳಕ್ಕೆ ಅದರ ಬಲ ಸಿಗುತ್ತದೆ. ಇಂಥ ಎರಡು ಉಂಗುರ ಹಾಕಿಕೊಂಡರೆ ಬಲವಾದದ್ದೊಂದೇ ನಡೆಯುತ್ತದೆ. ಬ್ರೇಸರ್ಸ್ ಆಫ್ ಡಿಫೆನ್ಸ್ ಎಂಬ ತೋಳುಪಟ್ಟಿಗಳು ತಾವೇ ಕವಚದ ಬದಲು ನಿಲ್ಲುತ್ತವೆ, ಕವಚದ ಜೊತೆ ನಡೆಯುವುದಿಲ್ಲ; ಆದರೆ ಉಂಗುರದ ಜೊತೆ ನಡೆಯುತ್ತವೆ. ಹೀಗಾಗಿ ಕವಚ ತೊಡಲಾಗದ ಮಾಂತ್ರಿಕನಿಗೆ ಉಂಗುರ ಮತ್ತು ತೋಳುಪಟ್ಟಿ, ಯೋಧನಿಗೆ ಕವಚ ಮತ್ತು ಗುರಾಣಿ ಎಂಬ ಎರಡು ಹಾದಿಗಳು ಬೇರ್ಪಟ್ಟವು.

ಇಲ್ಲಿ ಪಾಠದ ಒಂದು ಸೂಕ್ಷ್ಮ ಗಮನಿಸಬೇಕು. 1989ರ ಎರಡನೆಯ ಆವೃತ್ತಿಯಲ್ಲಿ ಕ್ಲೋಕ್ ಆಫ್ ಪ್ರೊಟೆಕ್ಷನ್ ಎಂಬ ಮೇಲಂಗಿಯ ವಿವರಣೆ ಬಹಳ ಬಿಗಿಯಾಗಿದೆ: ಮಂತ್ರಿಸಿದ ಕವಚ ಸಲ್ಲದು, ಚರ್ಮದ್ದಲ್ಲದ ಸಾದಾ ಕವಚ ಸಲ್ಲದು, ಯಾವ ಗುರಾಣಿಯೂ ಸಲ್ಲದು. ಉಂಗುರದ ವಿವರಣೆಯಲ್ಲಿ ಗುರಾಣಿಯ ಮಾತಿಲ್ಲ; ಮಂತ್ರಿಸಿದ ಕವಚ ಎಂದಷ್ಟೇ ಇದೆ. ಹಾಗಾದರೆ ಸಾದಾ ಕವಚ, ಮಂತ್ರಿಸಿದ ಗುರಾಣಿ, ಉಂಗುರ ಮೂರೂ ಸೇರಬಹುದೇ? ಮೇಲಂಗಿಯ ಸಾಲಿನಲ್ಲಿ ಗುರಾಣಿಯನ್ನು ಕವಚದಿಂದ ಬೇರೆಯಾಗಿ ಹೆಸರಿಸಿರುವುದರಿಂದ, ಉಂಗುರದ ಸಾಲಿನಲ್ಲಿ ಅದನ್ನು ಬಿಟ್ಟಿರುವುದನ್ನು ಅನುಮತಿ ಎಂದೇ ಓದಬೇಕೆಂದು ನಾನು ಭಾವಿಸುತ್ತೇನೆ. ವಕೀಲರಂತೆ ಓದುವ ಆಟಗಾರರು ಹುಟ್ಟಿದ್ದು ಇಂಥ ಸಾಲುಗಳಿಂದಲೇ. ಪ್ರತಿ ವಸ್ತುವೂ ತನ್ನದೇ ಶಾಸನ ಹೊತ್ತು ಬರುತ್ತಿತ್ತು. ಹೊಸ ವಸ್ತು ಬಂದಾಗಲೆಲ್ಲ ಅದು ಹಳೆಯ ಯಾವುದರ ಜೊತೆ ನಡೆಯುತ್ತದೆ, ಯಾವುದರ ಜೊತೆ ಇಲ್ಲ ಎಂದು ಲೇಖಕ ನೆನಪಿಟ್ಟು ಬರೆಯಬೇಕಿತ್ತು. 'ಡ್ರ್ಯಾಗನ್' ಪತ್ರಿಕೆಯ 'ಸೇಜ್ ಅಡ್ವೈಸ್' ಅಂಕಣಕ್ಕೆ ಇಂಥ ಪ್ರಶ್ನೆಗಳೇ ಮೇವು. 1980ರ ದಶಕದಿಂದ ಅದನ್ನು ಬಹುಕಾಲ ನಡೆಸಿದ ಸ್ಕಿಪ್ ವಿಲಿಯಮ್ಸ್ ಮುಂದೆ ಮೂರನೆಯ ಆವೃತ್ತಿಯ ಮೂವರು ಮುಖ್ಯ ರಚನಕಾರರಲ್ಲಿ ಒಬ್ಬರಾದರು. ಇನ್ನಿಬ್ಬರು ಜೊನಾಥನ್ ಟ್ವೀಟ್ ಮತ್ತು ಮಾಂಟೆ ಕುಕ್. ಬಿಡಿಬಿಡಿ ತೀರ್ಪು ಕೊಟ್ಟು ದಣಿದವರಿಗೆ ಒಂದು ಸಾಮಾನ್ಯ ಸೂತ್ರ ಬೇಕೆನಿಸಿದ್ದರೆ ಆಶ್ಚರ್ಯವಿಲ್ಲ.

ಅದಕ್ಕೆ ಮೊದಲು ಇನ್ನೊಂದು ವಿಷಯ. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನ ಯುದ್ಧ ಕೋಷ್ಟಕದಲ್ಲಿ 20 ಎಂಬ ಅಂಕಿ ಒಂದೇ ಸಲ ಬಂದು ಹೋಗುವುದಿಲ್ಲ. ಸಾಲಾಗಿ ಆರು ಮನೆಗಳಲ್ಲಿ ಕೂತಿದೆ. ಮೊದಲ ಹಂತದ ಯೋಧನಿಗೆ ಎಸಿ 0ಯಿಂದ ಮೈನಸ್ 5ರವರೆಗೂ ಬೇಕಾದದ್ದು 20 ಮಾತ್ರ. ಮೈನಸ್ 6ಕ್ಕೆ ಅದು 21 ಆಗುತ್ತದೆ. ಇದರ ಪರಿಣಾಮ ಕೂಡುಲೆಕ್ಕದವರ ಕಣ್ಣಿಗೆ ಬೀಳದೆ ಇರದು. ತಗಡಿನ ಕವಚ ಮತ್ತು ಗುರಾಣಿಯ ಯೋಧ ಮೊದಲ ಎರಡು ಅಂಕಿಗೆ ಫಲ ಕಾಣುತ್ತಾನೆ. ಮುಂದಿನ ಐದು ಅಂಕಿ ಇಂಥ ಎದುರಾಳಿಯ ವಿಷಯದಲ್ಲಿ ಬರಿದೆ ಹೊರೆ. ಆಮೇಲಿನ ಒಂದಂಕಿ ಸೇರಿದ ಕೂಡಲೇ ಬೇರೆ ಬಲವಿಲ್ಲದ ಸೈನಿಕ ಅವನನ್ನು ಮುಟ್ಟಲಾರ. 1974ರಲ್ಲಿ ಇಲ್ಲದ ಜಾಗವನ್ನು ಇಲ್ಲಿ ಹೀಗೆ ಹಿಗ್ಗಿಸಿಕೊಂಡಿದ್ದಾರೆ. ಗುರಾಣಿಗೆ ಪೂರ್ತಿ ಕೂಡುವ ಹಕ್ಕು ಕೊಟ್ಟದ್ದನ್ನೂ ಕೋಷ್ಟಕದ ಈ ಉದ್ದನೆಯ ಮೆಟ್ಟಿಲನ್ನೂ ಒಟ್ಟಿಗೆ ಓದಬೇಕು.

ಹೆಸರಿಟ್ಟ ಬೋನಸ್‌ಗಳು

ಆಟದ ಪ್ರಕಾಶನ ಸಂಸ್ಥೆ ಟಿಎಸ್‌ಆರ್ ಅನ್ನು 1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಕೊಂಡುಕೊಂಡಿತು. 2000ರಲ್ಲಿ ಮೂರನೆಯ ಆವೃತ್ತಿ, 2003ರಲ್ಲಿ ಅದರ ಪರಿಷ್ಕರಣೆಯಾದ 3.5 ಬಂದವು. ಎಸಿ ಏರುಮುಖವಾಯಿತು: 10ರಿಂದ ಶುರು, ಹೆಚ್ಚಿದಷ್ಟೂ ಒಳ್ಳೆಯದು. ವಸ್ತುವಿಗೊಂದು ಶಾಸನ ಹೋಗಿ ಎಲ್ಲಕ್ಕೂ ಒಂದೇ ಸೂತ್ರ ಬಂತು. ಪ್ರತಿ ಬೋನಸ್‌ಗೂ ಒಂದು ಜಾತಿ. ಒಂದೇ ಜಾತಿಯ ಎರಡು ಬಂದರೆ ದೊಡ್ಡದೊಂದೇ ಲೆಕ್ಕಕ್ಕೆ. ಬೇರೆ ಬೇರೆ ಜಾತಿಯವು ಎಲ್ಲವೂ ಕೂಡುತ್ತವೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವಿನಾಯಿತಿ ಪಡೆದವರಿಗೆ ಇದರ ಮನೋಧರ್ಮ ಕೂಡಲೇ ಹಿಡಿಸುತ್ತದೆ: 80ಸಿ ಅಡಿ ಒಂದೂವರೆ ಲಕ್ಷ ದಾಟಿದರೆ ಪ್ರಯೋಜನವಿಲ್ಲ, ಆದ್ದರಿಂದ ಇನ್ನೊಂದು ಕಲಮು ಹುಡುಕು.

ಕಲಮುಗಳಿಗೆ ಇಲ್ಲಿ ಬರವಿರಲಿಲ್ಲ. ಕವಚದ್ದು ಒಂದು, ಗುರಾಣಿಯದ್ದು ಒಂದು, ಚರ್ಮದ ಸಹಜ ಗಡಸುತನದ್ದು ಒಂದು, ಏಟನ್ನು ಪಕ್ಕಕ್ಕೆ ಸರಿಸುವ ಡಿಫ್ಲೆಕ್ಷನ್ ಒಂದು, ಮುಂಗಾಣ್ಕೆಯ ಇನ್‌ಸೈಟ್, ಅದೃಷ್ಟದ ಲಕ್, ದೈವಿಕವಾದ ಸೇಕ್ರೆಡ್, ಅದಕ್ಕೆ ವಿರುದ್ಧವಾದ ಪ್ರೊಫೇನ್. ತಪ್ಪಿಸಿಕೊಳ್ಳುವ ಚಾತುರ್ಯದ ಡಾಡ್ಜ್ ಬೋನಸ್‌ಗಂತೂ ಒಂದೇ ಜಾತಿಯ ನಿಯಮದಿಂದಲೇ ವಿನಾಯಿತಿ. ಎಷ್ಟು ಬಂದರೂ ಕೂಡುತ್ತವೆ. ಜಾತಿ ಹೆಸರಿಲ್ಲದ ಬೋನಸ್ ಕೂಡ ಬೇರೆ ಮೂಲದಿಂದ ಬಂದರೆ ಕೂಡುತ್ತದೆ. ಹಾಗಾಗಿ ಯಾವನೋ ಲೇಖಕ ಹೆಸರಿಡಲು ಮರೆತ ಬೋನಸ್ಸೇ ಪುಸ್ತಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಬೋನಸ್. ಹೇಸ್ಟ್ ಎಂಬ ವೇಗದ ಮಂತ್ರ 2000ರಲ್ಲಿ ತನ್ನದೇ ಜಾತಿಯ +4 ಕೊಡುತ್ತಿತ್ತು. 2003ರಲ್ಲಿ ಅದನ್ನು ಡಾಡ್ಜ್ ಜಾತಿಯ +1 ಮಾಡಿದರು. ಒಂದೇ ವಸ್ತುವಿಗಾಗಿ ಒಂದು ಜಾತಿಯನ್ನೇ ಸೃಷ್ಟಿಸಿದರೆ ಆಗುವ ಅನಾಹುತ ರಚನಕಾರರಿಗೇ ಮನವರಿಕೆಯಾದದ್ದಕ್ಕೆ ಇದು ಸಾಕ್ಷಿ. ಇದೇ ಹೊತ್ತಿಗೆ ಓಪನ್ ಗೇಮ್ ಲೈಸೆನ್ಸ್ ಮೂಲಕ ಆಟದ ಮೂಲ ನಿಯಮಗಳನ್ನು ಹೊರಗಿನ ಪ್ರಕಾಶಕರಿಗೂ ತೆರೆದಿದ್ದರು. ಹೊಸ ಜಾತಿಗೆ ಹೆಸರಿಡುವ ಅಧಿಕಾರ ಅಲ್ಲಿಗೆ ಯಾರದ್ದೂ ಅಲ್ಲ, ಎಲ್ಲರದ್ದೂ ಆಯಿತು.

ಎನ್‌ಹ್ಯಾನ್ಸ್‌ಮೆಂಟ್ ಬೋನಸ್ ವಿಷಯ ಸ್ವಲ್ಪ ಸುತ್ತಾಗಿದೆ, ಮತ್ತು ಹೆಚ್ಚಿನ ಜಗಳಗಳು ಅದರಿಂದಲೇ. +3 ಕವಚ ಎಂದಾಗ ಆ 3 ನೇರವಾಗಿ ಎಸಿಗೆ ಸೇರುವುದಿಲ್ಲ. ಕವಚದ ಬೋನಸ್ಸನ್ನು ಹೆಚ್ಚಿಸುತ್ತದೆ, ಆ ಹೆಚ್ಚಿದ ಬೋನಸ್ ಎಸಿಗೆ ಸೇರುತ್ತದೆ. ಬೋನಸ್ಸಿನ ಮೇಲೆ ಬೋನಸ್ ಇದು. ಆದ್ದರಿಂದಲೇ ಕವಚದ ಎನ್‌ಹ್ಯಾನ್ಸ್‌ಮೆಂಟೂ ಗುರಾಣಿಯ ಎನ್‌ಹ್ಯಾನ್ಸ್‌ಮೆಂಟೂ ಒಂದೇ ಹೆಸರಿನವಾದರೂ ಎರಡೂ ಸಲ್ಲುತ್ತವೆ. ಅವು ಎರಡು ಬೇರೆ ಪಾತ್ರೆಗಳಿಗೆ ಬೀಳುತ್ತಿವೆ. ಹಾಗೆಯೇ ಆಮ್ಯುಲೆಟ್ ಆಫ್ ನ್ಯಾಚುರಲ್ ಆರ್ಮರ್ ಎಂಬ ತಾಯಿತ ಮತ್ತು ಬಾರ್ಕ್‌ಸ್ಕಿನ್ ಎಂಬ ಮಂತ್ರ ಎರಡೂ ಸಹಜ ಚರ್ಮದ ಎನ್‌ಹ್ಯಾನ್ಸ್‌ಮೆಂಟೇ ಆದ್ದರಿಂದ ಪರಸ್ಪರ ಕೂಡುವುದಿಲ್ಲ, ಆದರೆ ಪ್ರಾಣಿಗೆ ಹುಟ್ಟಿನಿಂದ ಬಂದ ದಪ್ಪ ಚರ್ಮದ ಜೊತೆ ಎರಡರಲ್ಲಿ ದೊಡ್ಡದು ಕೂಡುತ್ತದೆ. ಮೇಜ್ ಆರ್ಮರ್ ಮಂತ್ರ ಕೊಡುವುದು +4 ಕವಚದ ಬೋನಸ್ಸೇ. ತಗಡಿನ ಕವಚ ತೊಟ್ಟವನ ಮೇಲೆ ಅದನ್ನು ಹಾಕಿದರೆ ವ್ಯರ್ಥ.

ಬೆಲೆಯ ವರ್ಗ

ಈ ಆವೃತ್ತಿಯ ನಿಜವಾದ ಶಿಲ್ಪ ಇರುವುದು ಬೆಲೆಯಲ್ಲಿ. ಮಂತ್ರಿಸಿದ ಕವಚದ ಬೆಲೆ ಬೋನಸ್ಸಿನ ವರ್ಗವನ್ನು ಸಾವಿರದಿಂದ ಗುಣಿಸಿದಷ್ಟು ಚಿನ್ನದ ನಾಣ್ಯ. +1ಕ್ಕೆ 1,000, +2ಕ್ಕೆ 4,000, +5ಕ್ಕೆ 25,000. ಗುರಾಣಿಗೂ ಅದೇ ದರ. ಉಂಗುರಕ್ಕೆ ಮತ್ತು ತಾಯಿತಕ್ಕೆ ವರ್ಗದ ಎರಡು ಸಾವಿರ ಪಟ್ಟು. ತಲೆಯ ಸುತ್ತ ತೇಲುವ ಡಸ್ಟಿ ರೋಸ್ ಬಣ್ಣದ ಅಯೂನ್ ಕಲ್ಲು ಇನ್‌ಸೈಟ್ ಜಾತಿಯ +1 ಕೊಡುತ್ತದೆ, ಬೆಲೆ 5,000. ಮೂಲ ಕವಚದ ಬೆಲೆ ಮತ್ತು ಒಳ್ಳೆಯ ಕಮ್ಮಾರಿಕೆಯ 150 ನಾಣ್ಯ ಬೇರೆ. ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಅಂಕಿ ಏರಿದಷ್ಟೂ ಅದರ ಮೌಲ್ಯ ಏರುತ್ತದೆ ಎಂದು ಮೊದಲೇ ನೋಡಿದೆವು. ವರ್ಗದ ದರ ಅದಕ್ಕೆ ಸರಿಯಾದ ಮದ್ದು: ಬೆಲೆಯೂ ಏರುತ್ತ ಹೋಗಲಿ. ಆದರೆ ಮದ್ದನ್ನು ಕೊಟ್ಟದ್ದು ಒಂದೊಂದು ವಸ್ತುವಿಗೆ ಪ್ರತ್ಯೇಕವಾಗಿ, ರೋಗ ಇದ್ದದ್ದು ಒಟ್ಟು ಮೊತ್ತದಲ್ಲಿ. +5 ಕವಚ ಒಂದಕ್ಕೆ 25,000. ಅದೇ ಐದು ಅಂಕಿಯನ್ನು +1 ಕವಚ, +1 ಗುರಾಣಿ, +1 ಉಂಗುರ, +1 ತಾಯಿತ, ಒಂದು ಅಯೂನ್ ಕಲ್ಲು ಎಂದು ಹಂಚಿಕೊಂಡರೆ ಒಟ್ಟು 11,000. ಇನ್ನೂ ಜಾಣತನದಿಂದ, ಪ್ರತಿ ಸಲವೂ ಎಲ್ಲಕ್ಕಿಂತ ಅಗ್ಗವಾದ ಮುಂದಿನ ಅಂಕಿಯನ್ನೇ ಕೊಳ್ಳುತ್ತ ಹೋದರೆ, ಕವಚ +3, ಗುರಾಣಿ +3, ಉಂಗುರ +1, ತಾಯಿತ +1 ಎಂದು 22,000ಕ್ಕೆ ಎಂಟು ಅಂಕಿ ಸಿಗುತ್ತದೆ. ಎತ್ತರಕ್ಕೆ ಏರುವವನಿಗೆ ದಂಡ, ಅಗಲಕ್ಕೆ ಹರಡುವವನಿಗೆ ಬಹುಮಾನ. ಹತ್ತನೆಯ ಹಂತದ ಪಾತ್ರದ ಬಳಿ ಒಟ್ಟು 49,000 ನಾಣ್ಯದ ಸೊತ್ತು ಇರಬೇಕೆಂದು ಪುಸ್ತಕವೇ ಹೇಳುತ್ತದೆ. ಅವನು +5 ಕವಚವನ್ನು ಕನಸಿನಲ್ಲೂ ನೆನೆಯುವುದಿಲ್ಲ, ಮೈತುಂಬ ಸಣ್ಣಪುಟ್ಟ +1ಗಳನ್ನು ತೂಗುಹಾಕಿಕೊಳ್ಳುತ್ತಾನೆ. ಆಟಗಾರರು ಇದಕ್ಕೆ ಕ್ರಿಸ್ಮಸ್ ಟ್ರೀ ಎಂದು ಹೆಸರಿಟ್ಟರು. ಜಾತಿಗಳ ನಿಯಮವಿಲ್ಲದಿದ್ದರೆ ಎರಡು ಉಂಗುರ ಕೊಳ್ಳುತ್ತಿದ್ದ. ಅದು ಇದ್ದುದರಿಂದ ಒಂದು ಉಂಗುರ, ಒಂದು ತಾಯಿತ ಕೊಂಡ. ವ್ಯತ್ಯಾಸ ಅಷ್ಟೇ.

ಕವಚಕ್ಕೆ ಅಂಕಿಯಲ್ಲದ ಗುಣಗಳನ್ನೂ ತುಂಬಬಹುದು, ಮತ್ತು ಅಲ್ಲಿ ಕೂಡುಲೆಕ್ಕ ಇನ್ನೂ ರಸವತ್ತಾಗುತ್ತದೆ. ಮರ್ಮಕ್ಕೆ ಬೀಳುವ ಏಟನ್ನು ಸಾಧಾರಣ ಏಟಾಗಿಸುವ ಫೋರ್ಟಿಫಿಕೇಷನ್ ಎಂಬ ಗುಣವಿದೆ. ಅದರ ಹಗುರ ರೂಪ ಶೇ. 25ರಷ್ಟು ಸಲ ಕೆಲಸ ಮಾಡುತ್ತದೆ, ಅತಿ ಬಲವಾದದ್ದು ಪ್ರತಿ ಸಲವೂ. ಬೆಲೆ ಕಟ್ಟುವಾಗ ಹಗುರವಾದದ್ದನ್ನು +1 ಎಂದೂ ಬಲವಾದದ್ದನ್ನು +5 ಎಂದೂ ಎಣಿಸಿ, ಕವಚದ ಸ್ವಂತ ಬೋನಸ್ಸಿಗೆ ಕೂಡಿಸಿ, ಆ ಮೊತ್ತದ ವರ್ಗ ಮಾಡುತ್ತಾರೆ. ಸ್ವಂತ ಬೋನಸ್ +5ನ್ನು ಮೀರುವಂತಿಲ್ಲ, ಒಟ್ಟು ಎಣಿಕೆ +10ನ್ನು ಮೀರುವಂತಿಲ್ಲ, ಗುಣ ತುಂಬುವ ಮೊದಲು ಕನಿಷ್ಠ +1 ಇರಲೇಬೇಕು. ಹಾಗಾಗಿ ಒಂದೇ ಹಗುರ ಫೋರ್ಟಿಫಿಕೇಷನ್‌ಗೆ +1 ಕವಚದ ಮೇಲೆ 3,000 ಖರ್ಚು, +4 ಕವಚದ ಮೇಲೆ 9,000.

ಈಗ ಒಬ್ಬ ಯೋಧನಿಗೆ +5 ಕವಚ, +1 ಗುರಾಣಿ, ಬಲವಾದ ಫೋರ್ಟಿಫಿಕೇಷನ್ ಮೂರೂ ಬೇಕು ಎಂದಿಟ್ಟುಕೊಳ್ಳೋಣ. ಗುಣವನ್ನು ಕವಚಕ್ಕೆ ತುಂಬಿದರೆ ಕವಚದ ಎಣಿಕೆ 10, ಬೆಲೆ 1,00,000. ಗುರಾಣಿಯ ಸಾವಿರ ಸೇರಿ 1,01,000. ಅದೇ ಗುಣವನ್ನು ಗುರಾಣಿಗೆ ತುಂಬಿದರೆ ಕವಚಕ್ಕೆ 25,000, ಗುರಾಣಿಗೆ 36,000, ಒಟ್ಟು 61,000. ಎಸಿಯಲ್ಲಿ ಕೂದಲೆಳೆಯ ಬದಲಾವಣೆಯೂ ಇಲ್ಲ, ಉಳಿತಾಯ 40,000.

ಇದಕ್ಕಿಂತ ಮುಂದಿನದು ಮ್ಯಾಜಿಕ್ ವೆಸ್ಟ್‌ಮೆಂಟ್ ಎಂಬ ಪುರೋಹಿತರ ಮಂತ್ರ. ಪುರೋಹಿತನ ನಾಲ್ಕು ಹಂತಕ್ಕೆ ಒಂದರಂತೆ, +5 ಮೀರದಂತೆ, ಕವಚಕ್ಕೆ ಎನ್‌ಹ್ಯಾನ್ಸ್‌ಮೆಂಟ್ ಕೊಡುತ್ತದೆ. ಹಂತಕ್ಕೊಂದು ಗಂಟೆ ಬಾಳುತ್ತದೆ. ಕವಚದ ಸ್ವಂತ ಎನ್‌ಹ್ಯಾನ್ಸ್‌ಮೆಂಟಿನ ಜೊತೆ ಕೂಡುವುದಿಲ್ಲ, ಏಕೆಂದರೆ ಒಂದೇ ಜಾತಿ. ನಿಷೇಧ ಎಂದು ಕಾಣುವ ಈ ಸಾಲಿನಿಂದ ಆಟಗಾರರು ಕಲಿತ ಪಾಠ ಬೇರೆ: ಹಾಗಿದ್ದರೆ ಅಂಕಿಗೆ ದುಡ್ಡೇ ಹಾಕಬೇಡ, ಗುಣಗಳಿಗೆ ಹಾಕು. +1 ಕವಚಕ್ಕೆ ಬಲವಾದ ಫೋರ್ಟಿಫಿಕೇಷನ್ ತುಂಬಿಸಿದರೆ 36,000. ಹದಿನಾರನೆಯ ಹಂತದ ಗೆಳೆಯ ಪುರೋಹಿತ ಬೆಳಿಗ್ಗೆ ಮಂತ್ರ ಹಾಕಿದರೆ 16 ಗಂಟೆ ಕಾಲ ಅದು +4ರಂತೆ ವರ್ತಿಸುತ್ತದೆ. ಅಂಥದ್ದನ್ನು ಅಂಗಡಿಯಲ್ಲಿ ಕೊಂಡರೆ 81,000. ಯಾರಾದರೂ ಮಂತ್ರ ಮುರಿದರೆ ಮೂರಂಕಿ ಹೋಗುತ್ತದೆ ಎಂಬುದೊಂದೇ ಅಪಾಯ. ಒಂದೇ ಜಾತಿಯವು ಕೂಡಬಾರದು ಎಂಬ ಶಾಸನ ಇಲ್ಲಿ ಒಂದೂ ಅಂಕಿಯನ್ನು ತಡೆದಿಲ್ಲ. ದುಡ್ಡಿನ ಹರಿವನ್ನು ಬೇರೆ ಕಾಲುವೆಗೆ ತಿರುಗಿಸಿದೆ.

ಎಲ್ಲ ಸೇರಿದರೆ ಎಷ್ಟು? ತಗಡಿನ ಪೂರ್ಣ ಕವಚ, ದೊಡ್ಡ ಗುರಾಣಿ, ಚುರುಕುತನದ ಒಂದಂಕಿ ಸೇರಿ ಮಂತ್ರವಿಲ್ಲದೆ ಎಸಿ 21. ಕವಚ, ಗುರಾಣಿ, ಉಂಗುರ, ತಾಯಿತ ನಾಲ್ಕೂ +5, ಜೊತೆಗೊಂದು ಅಯೂನ್ ಕಲ್ಲು: ಎಸಿ 42, ಖರ್ಚು 1,55,000. ಇಪ್ಪತ್ತನೆಯ ಹಂತದವನ ಸೊತ್ತು 7,60,000 ಎಂದ ಮೇಲೆ ಇದು ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಅಷ್ಟೇ. ಇಷ್ಟೆಲ್ಲ ಹೊತ್ತು ಹೋದವನನ್ನು ಅದೇ ಪುಸ್ತಕಗಳ ಟರಾಸ್ಕ್ ಎಂಬ ಮಹಾಮೃಗ ಎದುರಿಸಿದರೆ? ಅದರ ಕಡಿತದ ಬಲ +57. ದಾಳದಲ್ಲಿ 1 ಬೀಳದಿದ್ದರೆ ಸಾಕು, ಏಟು ತಾಗಿದ್ದೇ. ಆಟಗಾರರು ಮೈತುಂಬ ಕಾಪು ಕಟ್ಟಿಕೊಂಡು ಬರುತ್ತಾರೆಂದು ಮೊದಲೇ ಎಣಿಸಿ ಮೃಗಗಳ ಬಲ ಏರಿಸಿದ್ದಾರೆ. ಅಲ್ಲಿಗೆ ಕೂಡುವುದು ಜಾಣತನವಾಗಿ ಉಳಿಯಲಿಲ್ಲ, ಕಡ್ಡಾಯ ಕಂದಾಯವಾಯಿತು. ಕೂಡದವನು ಸಾಯುತ್ತಾನೆ.

ಅಂಕಿ ಕುಗ್ಗಿಸಿದ ಮೇಲೆ

2008ರ ನಾಲ್ಕನೆಯ ಆವೃತ್ತಿ ಈ ಕಂದಾಯವನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಎಸಿಗೆ ಎನ್‌ಹ್ಯಾನ್ಸ್‌ಮೆಂಟ್ ಬರುವುದು ಕವಚವೊಂದರಿಂದ, +1ರಿಂದ +6ರವರೆಗೆ, ಹಂತಕ್ಕೆ ತಕ್ಕಂತೆ. ಕುತ್ತಿಗೆಯಲ್ಲಿ ಧರಿಸುವ ವಸ್ತು ಉಳಿದ ಮೂರು ರಕ್ಷಣೆಗಳಿಗೆ. ಗುರಾಣಿಗೆ ಸ್ವಂತ ಮಾಂತ್ರಿಕ ಅಂಕಿಯೇ ಇಲ್ಲ. ಶಿಸ್ತು ಪೂರ್ತಿ ಇತ್ತು, ಆಯ್ಕೆ ಎಂಬುದು ಸತ್ತಿತ್ತು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರನೆಯ ಆವೃತ್ತಿಯ ವಾರಸುದಾರನಾದ ಪಾತ್‌ಫೈಂಡರ್ ಎಂಬ ಬೇರೆ ಆಟ, 2015ರ ಒಂದು ಗ್ರಂಥದಲ್ಲಿ ಈ ಅಂಕಿಗಳನ್ನೆಲ್ಲ ವಸ್ತುಗಳಿಂದ ಕಿತ್ತು ಹಂತ ಏರಿದಂತೆ ಪಾತ್ರಕ್ಕೇ ಕೊಡುವ ಐಚ್ಛಿಕ ನಿಯಮವನ್ನು ತಂದಿತು. 2019ರ ಅದರ ಎರಡನೆಯ ಆವೃತ್ತಿ ಜಾತಿಗಳನ್ನು ಮೂರಕ್ಕೆ ಇಳಿಸಿತು: ವಸ್ತುವಿನದ್ದು, ಸ್ಥಿತಿಯದ್ದು, ಸಂದರ್ಭದ್ದು. ಕವಚದ ಮೇಲೆ ಕೆತ್ತುವ ಮೂಲ ರೂನ್ +3ಕ್ಕೆ ನಿಲ್ಲುತ್ತದೆ. ಆ ಅಂಕಿ ಎಷ್ಟೋ ಅಷ್ಟೇ ಬೇರೆ ಗುಣದ ರೂನ್‌ಗಳಿಗೆ ಜಾಗ. ಅಂಕಿಯೂ ಗುಣವೂ ಒಂದೇ ಥೈಲಿಯ ದುಡ್ಡಿಗೆ ಬಡಿದಾಡುವುದು ಇದರಿಂದ ತಪ್ಪಿತು. ಮೂರನೆಯ ಆವೃತ್ತಿಯ ರೋಗವನ್ನು ಅದರ ಒಳಗಿನಿಂದಲೇ ಸರಿಯಾಗಿ ಗುರುತಿಸಿದ ಪರಿಹಾರ ಇದು ಎಂದು ನನ್ನ ಅಭಿಪ್ರಾಯ.

ಕುತೂಹಲ ಹುಟ್ಟಿಸುವುದು 2014ರ ಐದನೆಯ ಆವೃತ್ತಿ. ಅಲ್ಲಿ ಬೋನಸ್ ಜಾತಿಗಳೇ ಇಲ್ಲ. ಮಂತ್ರಿಸಿದ ಕವಚ, ಮಂತ್ರಿಸಿದ ಗುರಾಣಿ, ಕಾಪಿನ ಉಂಗುರ, ಕಾಪಿನ ಮೇಲಂಗಿ ನಾಲ್ಕನ್ನೂ ಒಟ್ಟಿಗೆ ತೊಟ್ಟರೆ ನಾಲ್ಕೂ ಕೂಡುತ್ತವೆ. 1989ರಲ್ಲಿ ಕವಚವನ್ನೂ ಗುರಾಣಿಯನ್ನೂ ಹತ್ತಿರ ಬಿಟ್ಟುಕೊಳ್ಳದ ಆ ಮೇಲಂಗಿಗೆ ಈಗ ಯಾವ ಮಡಿಯೂ ಇಲ್ಲ. ಎಸಿಯ ಮೂಲ ಲೆಕ್ಕ ಒಂದಕ್ಕಿಂತ ಹೆಚ್ಚು ಇದ್ದರೆ ಒಂದನ್ನು ಆರಿಸಿಕೊಳ್ಳಬೇಕು, ಒಂದೇ ಮಂತ್ರವನ್ನು ಎರಡು ಸಲ ಹಾಕಿದರೆ ಕೂಡದು, ಒಂದೇ ವಸ್ತುವಿನ ಎರಡು ಪ್ರತಿಗಳಿಗೆ ಅಟ್ಯೂನ್ ಆಗುವಂತಿಲ್ಲ, ಅಂದರೆ ಅವುಗಳ ಮಂತ್ರಕ್ಕೆ ತನ್ನನ್ನು ಬೆಸೆದುಕೊಳ್ಳುವಂತಿಲ್ಲ. ಇಷ್ಟು ಬಿಟ್ಟರೆ ತಡೆ ಇಲ್ಲ. ತಡೆ ಇರುವುದು ಎರಡು ಬೇರೆ ಕಡೆ. ಒಂದು, ಕವಚ ಮತ್ತು ಗುರಾಣಿಯ ಅಂಕಿ +3ಕ್ಕೆ ನಿಲ್ಲುತ್ತದೆ. ಉಂಗುರ, ಮೇಲಂಗಿ ಎರಡೂ +1 ಮಾತ್ರ, ಹೆಚ್ಚಿನವು ಇಲ್ಲವೇ ಇಲ್ಲ. ಎರಡು, ಅಟ್ಯೂನ್ ಆಗಬೇಕಾದ ವಸ್ತುಗಳು ಒಬ್ಬನಿಗೆ ಮೂರೇ. ಉಂಗುರ ಮತ್ತು ಮೇಲಂಗಿ ಅದರಲ್ಲಿ ಎರಡನ್ನು ನುಂಗುತ್ತವೆ.

ಲೆಕ್ಕ ಹಾಕಿ ನೋಡೋಣ. ತಗಡಿನ ಕವಚ 18, ಅದರ ಮಂತ್ರ 3, ಗುರಾಣಿ 2, ಅದರ ಮಂತ್ರ 3, ಉಂಗುರ 1, ಮೇಲಂಗಿ 1: ಒಟ್ಟು 28. ಇಪ್ಪತ್ತನೆಯ ಹಂತದ, ಮಂತ್ರದ ಆಯುಧವಿಲ್ಲದ ಯೋಧನ ಏಟಿನ ಬಲ +11. ಅವನಿಗೆ ದಾಳದಲ್ಲಿ 17 ಬೇಕು. 1974ರಲ್ಲಿ ಮೊದಲ ಹಂತದವನು ಬರೀ ತಗಡು ಮತ್ತು ಗುರಾಣಿಯನ್ನು ಹೊಡೆಯಲು ಬೇಕಾಗಿದ್ದದ್ದೂ ಅದೇ 17. ಐದನೆಯ ಆವೃತ್ತಿ ರಾಶಿಯ ತುದಿಯನ್ನು ತಂದು ನಿಲ್ಲಿಸಿದ ಜಾಗ, ಮೊದಲ ಆಟ ರಾಶಿ ಶುರುವಾಗುವ ಮೊದಲೇ ನಿಂತಿದ್ದ ಜಾಗ. ಡಿಫೆನ್ಸ್ ಎಂಬ ಯುದ್ಧಶೈಲಿ ಕಲಿತು 29 ಮಾಡಿಕೊಂಡರೂ ಈ ಆವೃತ್ತಿಯ ಟರಾಸ್ಕ್‌ನ ಬಲ +19. ದಾಳದಲ್ಲಿ 10 ಬಿದ್ದರೆ ತಾಗುತ್ತದೆ, ಅಂದರೆ ಸಾಧ್ಯತೆ ಶೇ. 55. ಕಾಪಿಗೆ ಬೆಲೆಯಿದೆ, ಮೃಗಕ್ಕೂ ಮರ್ಯಾದೆಯಿದೆ.

ಐವತ್ತು ವರ್ಷಗಳ ಈ ನಿಯಮಗಳಲ್ಲಿ ಅತ್ಯಂತ ಸಡಿಲವಾಗಿ ಕೂಡಲು ಬಿಟ್ಟಿರುವ 2014ರ ಆವೃತ್ತಿಯಲ್ಲೇ ಮೊತ್ತ ಹಿಡಿತದಲ್ಲಿ ಉಳಿದಿದೆ. ಅತ್ಯಂತ ವಿವರವಾಗಿ ಕೂಡಬಾರದೆಂದ 2000 ಮತ್ತು 2003ರ ಪುಸ್ತಕಗಳಲ್ಲಿ ಮೊತ್ತ ದಾಳವನ್ನೇ ಮೀರಿ ಹೋಯಿತು. ಹಾಗಾಗಿ 3.5 ಆವೃತ್ತಿಯನ್ನು ಇಂದಿಗೂ ಆಡಿಸುವ ಡಂಜನ್ ಮಾಸ್ಟರ್‌ಗಳಿಗೆ ಒಂದು ಸಲಹೆ. ಜಾತಿಗಳ ಪಟ್ಟಿಗೆ ಇನ್ನೊಂದು ನಿಷೇಧ ಸೇರಿಸುತ್ತ ಕೂರಬೇಡಿ. ಎಸಿ ಹೆಚ್ಚಿಸುವ ಎಲ್ಲ ವಸ್ತುಗಳ ಬೋನಸ್ಸುಗಳನ್ನು ಮೊದಲು ಕೂಡಿ, ಆಮೇಲೆ ವರ್ಗ ಮಾಡಿ ಬೆಲೆ ಕಟ್ಟಿ. ಅಥವಾ ಆ ಅಂಕಿಗಳನ್ನು ಪಾತ್ರದ ಹಂತಕ್ಕೇ ಕಟ್ಟಿ, ವಸ್ತುಗಳಲ್ಲಿ ಗುಣ ಮಾತ್ರ ಉಳಿಸಿ. ಎರಡನೆಯದನ್ನು ಮಾಡುವುದಾದರೆ ಮ್ಯಾಜಿಕ್ ವೆಸ್ಟ್‌ಮೆಂಟ್ ಮಂತ್ರವನ್ನೂ ಅದೇ ದಿನ ಪುಸ್ತಕದಿಂದ ಹೊಡೆದುಹಾಕಿ.